ಮುಖಗವಸಿನ ಸೋಸುಪದರ: ಮಣ್ಣಿಗೆ ಮರಳುವುದು ಯಾವುದು?



ರಾಗಿ ಬಡಿದು ತೂರುವ ದಿನ ಮೂಗು ಗಂಟಲೆಲ್ಲಾ ಧೂಳು. ಬೂಷ್ಟು ಹಿಡಿದ ಹುಲ್ಲಿನ ಧೂಳಂತೂ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶವನ್ನೇ ಕೆಡಿಸೀತು. ಗವಸು ಬೇಕೇ ಬೇಕು. 2020ರ ಕೊರೋನಾ ಕಾಲದಲ್ಲಿ ಅದು ಮನೆಮನೆಗೂ ಬಂತು. ಆದರೆ ಅಂಗಡಿಯ ಆ ನೀಲಿ ಗವಸು ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ. ತಿಪ್ಪೆಗೆ ಎಸೆದರೆ ಕೊಳೆಯದು, ಗೊಬ್ಬರದ ಜೊತೆ ಹೊಲ ಸೇರಿ ಚೂರುಚೂರಾಗಿ ಅಲ್ಲೇ ಉಳಿಯುತ್ತೆ.

ಹಾಗಾದರೆ ಅದನ್ನೇ ಯಾಕೆ ಮಾಡ್ತಾರೆ ಅಂತೀರಾ? ಗವಸು ಬರಿಯ ಜರಡಿಯಲ್ಲ. ಬಾಚಣಿಗೆಯನ್ನು ಒಣಕೂದಲಿಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿಯಿರಿ. ಚೂರು ಹಾರಿ ಅಂಟುತ್ತದೆ. ಅಂಥದೇ ವಿದ್ಯುತ್ತನ್ನು ಆ ಎಳೆಗೆ ತುಂಬಿರುತ್ತಾರೆ, ಕಣ್ಣಿಗೆ ಕಾಣದ ಕಣವೂ ಅಂಟಿಕೊಳ್ಳುತ್ತೆ. ಹತ್ತಿಗೆ ಈ ಗುಣ ಕಡಮೆ. ಉಣ್ಣೆಗೆ ತರಿಸಬಹುದು! 1930ರಲ್ಲಿ ಹ್ಯಾನ್ಸೆನ್ ಎಂಬಾತ ಕುರಿಯ ಉಣ್ಣೆಗೆ ರಾಳ ಸೇರಿಸಿ ಅದನ್ನೇ ಸಾಧಿಸಿದ. ನಮ್ಮ ಕಂಬಳಿ ನೇಯುವವರು ಕೇಳಿದರೆ ಮೀಸೆ ತಿರುವಿಯಾರು.

ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲದ ಎಳೆಯೂ ಈಗ ಉಂಟು. ‘ಮಣ್ಣಲ್ಲಿ ಕರಗುತ್ತದೆ’ ಎಂಬ ಚೀಟಿಗೆ ಮರುಳಾಗಬೇಡಿ. ಸುಮಾರು 60 ಡಿಗ್ರಿ ಶಾಖ ವಾರಗಟ್ಟಲೆ ನಿಲ್ಲುವ ಗೊಬ್ಬರದ ಘಟಕದಲ್ಲಿ ಅದು ಬೇಗ ಕೊಳೆಯುತ್ತೆ; ತಣ್ಣನೆಯ ತಿಪ್ಪೆಯಲ್ಲಿ ವರ್ಷಗಳೇ ಹಿಡಿದಾವು.

ಕಣದ ದಪ್ಪ ಧೂಳಿಗೆ ಒತ್ತಾಗಿ ನೇಯ್ದ ಹತ್ತಿಬಟ್ಟೆ ಮೂರು ಪದರ ಹೊಲಿದುಕೊಳ್ಳಿ. ಮೂಗಿನ ಪಕ್ಕ ಸಂದಿ ಬಿಟ್ಟರೆ ಪದರ ಎಷ್ಟಿದ್ದರೂ ದಂಡ. ದಿನಾ ಒಗೆಯಿರಿ. ಹರಿದ ಮೇಲೆ ಎಲಾಸ್ಟಿಕ್ಕನ್ನೂ ಪಾಲಿಯೆಸ್ಟರ್ ದಾರವನ್ನೂ ಬಿಚ್ಚಿ ತಿಪ್ಪೆಗೆ ಹಾಕಿ, ಹತ್ತಿ ಗೊಬ್ಬರವಾಗುತ್ತೆ. ಬೂಷ್ಟಿನ ಹುಲ್ಲು ಕೆದಕುವಾಗ ಮಾತ್ರ ಹತ್ತಿಯನ್ನು ನಂಬಬೇಡಿ. ಪ್ಲಾಸ್ಟಿಕ್ ಆದರೂ ಎನ್-95 ಗವಸೇ ಸರಿ. ಅದನ್ನು ತಿಪ್ಪೆಗೆ ಮಾತ್ರ ಹಾಕಬೇಡಿ.

ಇನ್ನು ಔಷಧಿ ಹೊಡೆಯುವ ವಿಚಾರ. ಮೂಗಿಗೆ ಒದ್ದೆ ಟವೆಲು ಸುತ್ತಿ ಪಂಪು ಹೊರುವವರನ್ನು ಈಗಲೂ ನೋಡ್ತೇವೆ. ವಿಷದ ಆವಿ ಬಟ್ಟೆಯಲ್ಲಿ ನಿಲ್ಲದು. ಟವೆಲು ಹೀರಿಕೊಂಡ ವಿಷವಂತೂ ತುಟಿಗೇ ತಾಗಿರುತ್ತೆ. ಅದಕ್ಕೆ ಧೂಳಿನ ಪದರದ ಜೊತೆಗೆ ಚುರುಕುಗೊಳಿಸಿದ ಇದ್ದಿಲಿನ ಡಬ್ಬಿಯೂ ಇರುವ ಗವಸು ಬೇಕು. ಆ ಇದ್ದಿಲಿಗೆ ತೆಂಗಿನ ಚಿಪ್ಪು ಬಲು ಶ್ರೇಷ್ಠ. 1918ರಲ್ಲಿ ಅಮೆರಿಕದವರು ಯುದ್ಧದ ವಿಷಾನಿಲ ತಡೆಯುವ ಗವಸಿಗಾಗಿ ಚಿಪ್ಪನ್ನೂ ಪೀಚ್ ಹಣ್ಣಿನ ಓಟೆಯನ್ನೂ ಕೂಡಿಹಾಕಿದರು. ಹಾಗಂತ ಒಲೆಯ ಇದ್ದಿಲು ಕಟ್ಟಿಕೊಂಡೀರಿ! 800 ಡಿಗ್ರಿಗೂ ಮೀರಿದ ಶಾಖದಲ್ಲಿ ಹಬೆ ಹಾಯಿಸಿ ಅದರ ಸೂಕ್ಷ್ಮ ರಂಧ್ರ ತೆರೆಸಿರಬೇಕು. ಬಳಸಿ ಮುಗಿದ ಇದ್ದಿಲನ್ನು, ತೆಂಗಿನದೇ ಆದರೂ, ತಿಪ್ಪೆಗೆ ಸುರಿಯಬೇಡಿ. ಹಿಡಿದ ವಿಷ ಅದರಲ್ಲೇ ಕೂತಿರುತ್ತೆ.