ಮದುವೆಗೆ ಮುನ್ನ ಬರೆಸಿದ ಹೆಸರು

ಅವಿವಾಹಿತ ತರುಣನು ಜೀವವಿಮೆಯ ನಾಮಿನಿಯಾಗಿ ತಾಯಿಯ ಹೆಸರು ಬರೆಸುವುದು ಸಹಜ. ಮದುವೆಯಾಗಿ ಮಗುವಾದ ಬಳಿಕ ಅದನ್ನು ತಿದ್ದಿಸಲು ಮರೆಯುವುದೂ ಸಹಜವೇ. ಅಂತಹ ಒಬ್ಬನ ಮರಣಾನಂತರ ಅತ್ತೆ–ಸೊಸೆಯರ ವ್ಯಾಜ್ಯವು ಧಾರವಾಡದ ಹೈಕೋರ್ಟ್ ಪೀಠದವರೆಗೂ ಹೋಯಿತು. 2015ರ ತಿದ್ದುಪಡಿಯಂತೆ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ. ಆದರೂ ವಾರಸುದಾರರು ಹಕ್ಕು ಕೇಳಿದಲ್ಲಿ ಉತ್ತರಾಧಿಕಾರ ಕಾನೂನೇ ಮೇಲೆಂದು 2025ರಲ್ಲಿ ತೀರ್ಪಾಯಿತು. ತಾಯಿ, ಪತ್ನಿ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲು. ಅಷ್ಟರಲ್ಲಿ ವರ್ಷಗಳೇ ಉರುಳಿದ್ದವು.

ಕರ್ನಾಟಕದ ಈ ತೀರ್ಪು ಕೇರಳದ ನ್ಯಾಯಾಲಯಗಳಿಗೆ ಕಡ್ಡಾಯವಲ್ಲ. ಕಾಸರಗೋಡಿನ ಕುಟುಂಬಗಳು ಅದನ್ನು ನಂಬಿ ಕೂರುವಂತಿಲ್ಲ. ಹೆಸರು ಬದಲಿಸಲು ವಿಮಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಬದಲಾವಣೆ ದಾಖಲಾದುದನ್ನು ಖಚಿತಪಡಿಸಿಕೊಳ್ಳಬೇಕು. ಶಾಲೆಗೆ ಹೋಗುವ ಮಗುವೇ ನಾಮಿನಿಯಾದರೆ, ಹಣ ಪಡೆಯಲು ಪ್ರಾಯಸ್ಥರೊಬ್ಬರ ಹೆಸರನ್ನೂ ಬರೆಸಬೇಕು.