ಎರಡು ವರ್ಷದ ಉಪಾಧ್ಯಾಯ

ವಿದ್ಯೆಯನ್ನು ಹಂಚುವುದಕ್ಕಾಗಿ ದೇಶಾಂತರ ಹೋಗುವುದು ಹೊಸ ಸಂಗತಿಯೇನಲ್ಲ. ಬೌದ್ಧ ಭಿಕ್ಷುಗಳು ಹಿಮಾಲಯ ದಾಟಿದರು. ಕ್ರೈಸ್ತ ಪಾದ್ರಿಗಳು ಕಡಲು ದಾಟಿ ಬಂದರು. ಅವರಲ್ಲೊಬ್ಬರಾದ ಕಿಟ್ಟೆಲ್ ಅವರು 1894ರಲ್ಲಿ ನಮ್ಮ ನುಡಿಗೆ ನಿಘಂಟನ್ನೇ ಕಟ್ಟಿಕೊಟ್ಟರು. ಆದರೆ ಮತಪ್ರಚಾರದ ಉದ್ದೇಶವಾಗಲಿ ಸಂಪಾದನೆಯ ಆಸೆಯಾಗಲಿ ಇಲ್ಲದೆ, ಎರಡು ವರ್ಷಗಳ ಮಟ್ಟಿಗೆ ಪರದೇಶದ ಶಾಲೆಯೊಂದರಲ್ಲಿ ಪಾಠ ಹೇಳಿ ಹಿಂದಿರುಗುವ ತರುಣ ತರುಣಿಯರ ಪರಂಪರೆ ಇಪ್ಪತ್ತನೆಯ ಶತಮಾನದ್ದು. ಈ ಎರಡು ವರ್ಷದ ಉಪಾಧ್ಯಾಯನ ಬಾಳು ಎಂಥದು, ಅದರಿಂದ ಯಾರಿಗೆ ಏನು ಪ್ರಯೋಜನ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಈ ಪರಂಪರೆಯ ಮೊದಲ ಹೆಜ್ಜೆ ಒಂದು ಶಿಬಿರ. 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬ ಎಂಜಿನಿಯರು, ಮೊದಲನೆಯ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹಲವು ದೇಶಗಳ ಸ್ವಯಂಸೇವಕರನ್ನು ಕೂಡಿಸಿದರು. ಅವರಲ್ಲಿ ಜರ್ಮನರೂ ಇದ್ದರು. ನಿನ್ನೆ ಊರನ್ನು ಕೆಡವಿದ ನಾಡಿನವರೇ ಇಂದು ಗುದ್ದಲಿ ಹಿಡಿದು ಬಂದಿದ್ದರು. 1934ರ ಬಿಹಾರದ ಭೂಕಂಪದ ತರುವಾಯ ಇದೇ ಸೆರೆಸೋಲ್ ಭಾರತಕ್ಕೂ ಬಂದು ದುಡಿದರು. ಮುಂದೆ 1958ರಲ್ಲಿ ಬ್ರಿಟನ್ನಿನ ಡಿಕ್ಸನ್ ದಂಪತಿಗಳು ತರುಣರನ್ನು ಹೊರದೇಶಗಳ ಸೇವೆಗೆ ಕಳುಹಿಸುವ ಸಂಸ್ಥೆಯನ್ನು ಆರಂಭಿಸಿದರು. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರು ಪೀಸ್ ಕೋರ್ ಎಂಬ ಶಾಂತಿದಳವನ್ನು ಸ್ಥಾಪಿಸಿದರು. ಅಂದಿನಿಂದ ಈವರೆಗೆ ಎರಡು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇವೆ ಸಲ್ಲಿಸಿದ್ದಾರೆ.

ಈ ದಳದ ಶಾಸನದಲ್ಲಿ ಮೂರು ಉದ್ದೇಶಗಳನ್ನು ಹೇಳಿದೆ. ಬೇಡಿಕೆಯಿಟ್ಟ ದೇಶಗಳಿಗೆ ತರಬೇತಿ ಪಡೆದ ಜನರನ್ನು ಒದಗಿಸುವುದು ಮೊದಲನೆಯದು. ಆ ದೇಶದವರು ಅಮೆರಿಕನ್ನರನ್ನು ಅರಿಯುವಂತೆ ಮಾಡುವುದು ಎರಡನೆಯದು. ಅಮೆರಿಕನ್ನರು ಆ ಜನರನ್ನು ಅರಿಯುವಂತೆ ಮಾಡುವುದು ಮೂರನೆಯದು. ಮೂರರಲ್ಲಿ ಒಂದು ಮಾತ್ರ ಕೆಲಸಕ್ಕೆ ಸಂಬಂಧಿಸಿದ್ದು. ಉಳಿದೆರಡೂ ತಿಳಿವಳಿಕೆಗೆ ಸೇರಿದವು. ಸ್ವಯಂಸೇವಕ ಅಧ್ಯಾಪಕನ ಬಾಳಿನ ಮರ್ಮ ಇಲ್ಲಿದೆ ಎಂದು ನನಗೆ ತೋರುತ್ತದೆ.

ಘಾನಾ ದೇಶದ ಉದಾಹರಣೆಯನ್ನೇ ನೋಡಬಹುದು. 1957ರಲ್ಲಿ ಸ್ವತಂತ್ರವಾದ ಆ ನಾಡು 1961ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗುವಂತೆ ಶಾಸನ ಮಾಡಿತು. ಶಾಲೆಗಳು ಬೆಳೆದಷ್ಟು ಬೇಗ ಶಿಕ್ಷಕರು ಬೆಳೆಯಲಿಲ್ಲ. ಪ್ರೌಢಶಾಲೆಗಳಲ್ಲಂತೂ ಈ ಕೊರತೆ ತೀವ್ರವಾಗಿತ್ತು. ಅದೇ ವರ್ಷದ ಆಗಸ್ಟ್ 30ರಂದು ಶಾಂತಿದಳದ ಮೊದಲ ತಂಡ ಅಕ್ರಾ ನಗರದಲ್ಲಿ ಇಳಿಯಿತು. ವಿಮಾನದಿಂದಿಳಿದ ಆ ತರುಣರು ಮೊದಲು ಮಾಡಿದ ಕೆಲಸ, ಅಲ್ಲಿನ ಟ್ವಿ ಭಾಷೆಯ ಹಾಡೊಂದನ್ನು ಹಾಡಿದ್ದು. ಉಚ್ಚಾರಣೆ ಹೇಗಿತ್ತೋ ಏನೋ. ಕಲಿತು ಬಂದಿದ್ದಾರೆಂಬುದೇ ಅಲ್ಲಿಯವರಿಗೆ ಸಾಕಾಗಿತ್ತು.

ಆ ನಾಡಿನ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಅದಕ್ಕೊಂದು ಹೆಸರನ್ನು ಕೊಡುತ್ತದೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ಶನಿವಾರ ಹುಟ್ಟಿದ ಹೆಣ್ಣುಮಗು ಅಮಾ. ಹೊರಗಿನಿಂದ ಬಂದವನನ್ನು ಮಕ್ಕಳು ಮೊದಮೊದಲು 'ಒಬ್ರುನಿ', ಎಂದರೆ ಪರದೇಶಿ, ಎಂದು ಕೂಗುತ್ತಾರೆ. ಅವನೂ ಒಬ್ಬ ಕೋಫಿಯಾದಾಗ ಅವನ ನಿಜವಾದ ಕೆಲಸ ಆರಂಭವಾಯಿತೆಂದು ತಿಳಿಯಬೇಕು.

ಅವನ ದಿನಚರಿಯಲ್ಲಿ ಸಾಹಸವೇನೂ ಇಲ್ಲ. ಮೊದಲ ಮೂರು ತಿಂಗಳು ತರಬೇತಿ. ಆ ಕಾಲದಲ್ಲಿ ಸ್ಥಳೀಯ ಕುಟುಂಬವೊಂದರೊಡನೆ ವಾಸ ಮಾಡುವುದು ಈಗಿನ ರೂಢಿ. ಅಂಗಡಿಯಲ್ಲಿ ಚೌಕಾಸಿ ಮಾಡುವುದನ್ನೂ ಹಿರಿಯರಿಗೆ ವಂದಿಸುವ ಕ್ರಮವನ್ನೂ ಕಲಿಸುವವರು ಆ ಮನೆಯ ತಾಯಿ ಮತ್ತು ಮಕ್ಕಳು. ಆಮೇಲೆ ಎರಡು ವರ್ಷ ಶಾಲೆ. ಕೈಗೆ ಬರುವ ಭತ್ಯ ಅಲ್ಲಿಯ ಜನರಂತೆ ಬದುಕುವಷ್ಟು ಮಾತ್ರ. ಪಠ್ಯಪುಸ್ತಕ ಸಾಲದಿದ್ದರೆ ಪಾಠವನ್ನೆಲ್ಲ ಕರಿಹಲಗೆಯ ಮೇಲೆ ಬರೆಯಬೇಕು. ಹೊಸ ವಿಧಾನದಿಂದ ಕಲಿಸೋಣವೆಂದರೆ, ಮುಂದಿನ ತರಗತಿಗೆ ದಾಟಿಸುವ ಪರೀಕ್ಷೆ ಹಳೆಯ ವಿಧಾನವನ್ನೇ ಕೇಳುತ್ತದೆ.

ಇದಕ್ಕಿಂತ ಕಠಿನವಾದದ್ದು ನೋಟದ ಪ್ರಶ್ನೆ. 1961ರ ಅಕ್ಟೋಬರಿನಲ್ಲಿ ನೈಜೀರಿಯದ ಇಬಾದಾನ್ ನಗರದಲ್ಲಿ ತರಬೇತಿ ಪಡೆಯುತ್ತಿದ್ದ ತರುಣಿಯೊಬ್ಬಳು ತನ್ನ ಮಿತ್ರನಿಗೆ ಬರೆದ ಕಾರ್ಡಿನಲ್ಲಿ ಅಲ್ಲಿನ ಬಡತನವನ್ನೂ ಕೊಳಕನ್ನೂ ವರ್ಣಿಸಿದಳು. ಕಾರ್ಡು ಅಂಚೆ ಸೇರುವ ಮೊದಲೇ ವಿದ್ಯಾರ್ಥಿಗಳ ಕೈ ಸೇರಿತು. ಪ್ರತಿಗಳು ಹರಡಿದವು, ಪ್ರತಿಭಟನೆಯಾಯಿತು, ಆಕೆ ದೇಶಕ್ಕೆ ಮರಳಬೇಕಾಯಿತು. ಆ ನಾಡು ಸ್ವತಂತ್ರವಾಗಿ ಆಗಿನ್ನೂ ಒಂದೇ ವರ್ಷ. ಆಕೆ ಬರೆದದ್ದು ಸುಳ್ಳೇ ನಿಜವೇ ಎಂಬುದು ಮುಖ್ಯವಲ್ಲ. ನಮ್ಮ ಮನೆಗೆ ಬಂದ ಅತಿಥಿ ನಮ್ಮ ಬೆನ್ನ ಹಿಂದೆ ನಮ್ಮ ಬಡತನವನ್ನು ಊರಿಗೆಲ್ಲ ಹೇಳಿದರೆ ನಮಗೆ ಹೇಗಾಗುತ್ತದೆ? ನೆರವು ನೀಡಲು ಬಂದವನ ಮನಸ್ಸಿನಲ್ಲಿ ಕನಿಕರವಿರಬಹುದು. ಆದರೆ ಮಾನವಂತನಿಗೆ ಕನಿಕರವೂ ಒಂದು ಭಾರವೇ.

ಈ ಭಾರ ಇಳಿಯುವ ಸ್ಥಳಗಳಲ್ಲಿ ರಜೆಯ ಶಿಬಿರವೂ ಒಂದು. ಅದಕ್ಕೆ ರುಮೇನಿಯ ಒಳ್ಳೆಯ ನಿದರ್ಶನ. 1989ರಲ್ಲಿ ಅಲ್ಲಿನ ಸರ್ವಾಧಿಕಾರ ಉರುಳಿತು. 1991ರಲ್ಲಿ ಶಾಂತಿದಳ ಬಂದಿತು. 1995ರಲ್ಲಿ ಸ್ವಯಂಸೇವಕರೂ ಸ್ಥಳೀಯ ಅಧ್ಯಾಪಕರೂ ಕೂಡಿ ಹುಡುಗಿಯರಿಗಾಗಿ ಒಂದು ವಾರದ ಶಿಬಿರವನ್ನು ನಡೆಸಿದರು. ಅದಕ್ಕಿಟ್ಟ ಹೆಸರು 'ಗ್ಲೋ'. ನಮ್ಮ ಜಗತ್ತನ್ನು ಮುನ್ನಡೆಸುವ ಹುಡುಗಿಯರು ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಆದದ್ದು. ಆರೋಗ್ಯ, ಉದ್ಯೋಗ, ನಾಲ್ಕು ಜನರ ಮುಂದೆ ನಿಂತು ಮಾತನಾಡುವ ಧೈರ್ಯ — ಇವೇ ಇಂಥ ಶಿಬಿರದ ಪಾಠಗಳು. ಪರೀಕ್ಷೆಯಿಲ್ಲ, ಅಂಕವಿಲ್ಲ. ಈ ಮಾದರಿ ಮುಂದೆ ಹಲವು ಖಂಡಗಳಿಗೆ ಹಬ್ಬಿತು, ಹುಡುಗರಿಗೂ ಶಿಬಿರಗಳಾದವು. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲು ಶಿಬಿರಾರ್ಥಿಯಾಗಿ ಬಂದ ಹುಡುಗಿ ಮುಂದೊಂದು ವರ್ಷ ಕಿರಿಯರ ಮಾರ್ಗದರ್ಶಕಿಯಾಗಿ ಬರುತ್ತಾಳೆ. ಇನ್ನು, ದಳದ ಸಣ್ಣ ಅನುದಾನ ಬೇಕಾದರೆ ವೆಚ್ಚದ ಕಾಲು ಭಾಗವನ್ನಾದರೂ ಊರಿನವರು ಹಣ, ಸಾಮಗ್ರಿ ಅಥವಾ ದುಡಿಮೆಯ ರೂಪದಲ್ಲಿ ಹಾಕಬೇಕು. ತಾನು ಅಕ್ಕಿ ಕೊಟ್ಟು, ಬೆಂಚು ಹೊತ್ತು ನಡೆಸಿದ ಶಿಬಿರವನ್ನು ಯಾರೂ ಪರರ ದಾನವೆಂದು ಕರೆಯುವುದಿಲ್ಲ.

ಪ್ರವಾಸದ ಮಾತು ಬಿಡುವಂತಿಲ್ಲ. ದುಡಿದ ತಿಂಗಳಿಗೆ ಎರಡು ದಿನದಂತೆ ರಜೆ ಕೂಡುತ್ತದೆ. ಕೈಯಲ್ಲಿ ಕಾಸು ಕಡಿಮೆಯಾದ್ದರಿಂದ ಜನ ಹೋಗುವ ಗಾಡಿಯಲ್ಲೇ ಅವನೂ ಹೋಗಬೇಕು. ಘಾನಾದಲ್ಲಿ ಮರದ ಮೈಯ 'ಮಮ್ಮಿ ಲಾರಿ'ಗಳಿದ್ದವು. ನಮ್ಮ ಲಾರಿಗಳ ಮೇಲಿರುವಂತೆಯೇ ಅವುಗಳ ಮೇಲೂ ದೇವರ ನಾಮ, ಗಾದೆ, ವೇದಾಂತ. ಮಡಿಲಲ್ಲಿ ಬೇರೆಯವರ ಕೋಳಿಬುಟ್ಟಿಯನ್ನಿಟ್ಟುಕೊಂಡು ಎಂಟು ಗಂಟೆ ಕುಳಿತವನಿಗೆ ದೊರೆಯುವ ದೇಶದ ಪರಿಚಯ ಹೋಟೆಲಿನ ಪ್ರವಾಸಿಗೆ ದೊರೆಯದು.

ಭಾರತದಲ್ಲೂ 1961ರಿಂದ 1976ರವರೆಗೆ ಶಾಂತಿದಳ ಕೆಲಸ ಮಾಡಿತು. ಕೆನೆಡಿಯವರಂತೆಯೇ ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ಅವರು ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ಮುಂಬಯಿಯ ವಿಖ್ರೋಲಿಗೆ ದಾದಿಯಾಗಿ ಬಂದರು. ಆಗಿನ ಮೈಸೂರು ರಾಜ್ಯಕ್ಕೆ ಬಂದವರು ಕನ್ನಡ ಕಲಿತರು.

ಕೊನೆಗೆ ಉಳಿಯುವ ಪ್ರಶ್ನೆ ಒಂದು: ಎರಡು ವರ್ಷದ ಉಪಾಧ್ಯಾಯ ಹೊರಟುಹೋದ ಮೇಲೆ ಏನು ಉಳಿಯುತ್ತದೆ? 2020ರ ಮಾರ್ಚಿನಲ್ಲಿ ಕೊರೊನಾ ಸಾಂಕ್ರಾಮಿಕದ ಕಾರಣ ದಳವು ಜಗತ್ತಿನಾದ್ಯಂತ ಇದ್ದ ತನ್ನೆಲ್ಲ ಸ್ವಯಂಸೇವಕರನ್ನು ಹಿಂದಕ್ಕೆ ಕರೆಸಿಕೊಂಡಿತು. ಎರಡು ವರ್ಷಗಳ ತರುವಾಯವೇ ಅವರು ಮತ್ತೆ ಹೋಗಲು ಸಾಧ್ಯವಾದದ್ದು. ತಾನೊಬ್ಬನೇ ನಿಂತು ಪಾಠ ಹೇಳುತ್ತಿದ್ದವನ ತರಗತಿ ಅಂದೇ ಖಾಲಿಯಾಗಿರಬೇಕು. ಸ್ಥಳೀಯ ಶಿಕ್ಷಕನೊಡನೆ ಕೂಡಿ ಕಲಿಸಿದವನ ಪಾಠ ಮುಂದುವರಿಯಲು ಅವಕಾಶವಿತ್ತು. ಆದ್ದರಿಂದ ಇಂಥ ಅಧ್ಯಾಪಕನ ಯಶಸ್ಸನ್ನು ಅವನು ಇದ್ದಾಗ ನಡೆದ ಕೆಲಸದಿಂದ ಅಳೆಯದೆ, ಅವನಿಲ್ಲದಾಗ ನಡೆಯುವ ಕೆಲಸದಿಂದ ಅಳೆಯುವುದು ನ್ಯಾಯ. ಮಗುವಿಗೆ ನಡೆಯಲು ಕಲಿಸುವವರು ಬೆರಳು ಹಿಡಿಸುವುದೂ ಸಕಾಲದಲ್ಲಿ ಬೆರಳು ಬಿಡಿಸಿಕೊಳ್ಳುವುದಕ್ಕಾಗಿಯೇ ಅಲ್ಲವೆ?