ಇರುಳು ಕಂಡ ಬಾವಿಗೆ ಹಗಲು ಬೀಳಬೇಡಿ



"ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗೆ" ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ, ಆಡಿಯೂ ಇದ್ದೀರಿ. ಕತ್ತಲಲ್ಲಿ ಕಾಣದೆ ಬಿದ್ದವನನ್ನು ಈ ಗಾದೆ ಹಂಗಿಸುವುದಿಲ್ಲ. ಬಾವಿ ಇಲ್ಲಿದೆಯೆಂದು ತಿಳಿದೂ ಬೆಳಕಿನಲ್ಲಿ ಬಿದ್ದವನನ್ನು, "ಕಂಡಿದ್ದೆಯಲ್ಲಪ್ಪಾ, ಮತ್ತೇಕೆ ಬಿದ್ದೆ?" ಎಂದು ಕೇಳುತ್ತದೆ. ಮೊದಲ ಸಲದ ಮೋಸ ಮೋಸಗಾರನ ತಪ್ಪು. ಅದೇ ಮೋಸ ಮತ್ತೆ ನಡೆದರೆ, ನಾವು ಆ ಬಾವಿಗೆ ಕಟ್ಟೆ ಕಟ್ಟಲಿಲ್ಲವೆಂದೇ ಅರ್ಥ.

ಬಿತ್ತನೆ ಬೀಜದ ಮಾತನ್ನೇ ನೋಡಿ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆ ಮಳೆ ಬಿದ್ದು ಹದವಾಯಿತೆಂದರೆ ಯಾರಿಗೂ ಪುರುಸೊತ್ತಿಲ್ಲ. ಆಗಲೇ ಒಬ್ಬ ಬರುತ್ತಾನೆ: "ಗೌಡ್ರೆ, ಒಳ್ಳೇ ಬೀಜ. ರಸೀದಿ ಯಾಕೆ? ಕಾಸು ಸುಗ್ಗೀಲಿ ಕೊಡಿ." ಹೋದ ವರ್ಷ ಇದೇ ಮಾತು ನಂಬಿ ಅರ್ಧ ಹೊಲ ಮೊಳೆತಿರಲಿಲ್ಲ. ಆದರೂ ಸಾಲಕ್ಕೆ ಸಿಗ್ತದಲ್ಲ ಅಂತ ಚೀಲ ಇಳಿಸಿಕೊಳ್ಳುತ್ತೇವೆ. ನಮ್ಮನ್ನು ಎರಡನೇ ಸಲ ಬೀಳಿಸುವುದು ಅವಸರ ಮತ್ತು ಸಾಲ. ಬೀಜ ಹುಸಿಹೋದರೆ ಅದರ ಬೆಲೆಯೊಂದೇ ಅಲ್ಲ, ಉಳುಮೆ, ಗೊಬ್ಬರ, ಮಳೆಯ ಹದ ಎಲ್ಲವೂ ಹೋಯಿತು.

ಕಟ್ಟೆ ಕಟ್ಟುವುದು ಹೇಗೆ?

ಮೊದಲನೆಯದು, ಚೀಟಿ. ಪ್ರಮಾಣಿತ ಬೀಜದ ಚೀಲಕ್ಕೆ ತಿಳಿನೀಲಿ ಚೀಟಿ ಇರುತ್ತದೆ. ತಳಿ, ಲಾಟ್ ನಂಬರು, ವಾಯಿದೆ ಓದಿ. ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ.

ಎರಡನೆಯದು, ರಸೀದಿ. 1983ರ ಬೀಜ ನಿಯಂತ್ರಣ ಆದೇಶದಂತೆ ಮಾರುವವನು ಲೈಸೆನ್ಸು ಪಡೆದಿರಬೇಕು, ರಸೀದಿ ಕೊಡಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಮೂರನೆಯದು, ಮೊಳಕೆ ಪರೀಕ್ಷೆ. ಬಿತ್ತನೆಗೆ ಹತ್ತು ದಿನ ಮೊದಲೇ ಬೀಜ ತನ್ನಿ. 100 ಕಾಳು ಎಣಿಸಿ, ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿಟ್ಟು ಸುತ್ತಿ ನೆರಳಲ್ಲಿಡಿ. ತೇವ ಆರಗೊಡಬೇಡಿ. ಒಂದು ವಾರಕ್ಕೆ ಬಿಚ್ಚಿ ಎಣಿಸಿ. ರಾಗಿಯಲ್ಲಿ 75, ಹೈಬ್ರಿಡ್ ಮುಸುಕಿನ ಜೋಳದಲ್ಲಿ 90 ಕಾಳಾದರೂ ಚೆನ್ನಾಗಿ ಮೊಳೆತಿರಬೇಕು. ಕಡಿಮೆಯಾದರೆ ಹೊಲಕ್ಕೆ ಹಾಕಬೇಡಿ.

ನಾಲ್ಕನೆಯದು, ಸಾಕ್ಷಿ. ಒಂದು ಹಿಡಿ ಬೀಜ, ಚೀಲ, ಚೀಟಿ, ರಸೀದಿ ಇವನ್ನು ಸುಗ್ಗಿಯವರೆಗೆ ಜೋಪಾನ ಮಾಡಿ. ಪೈರು ಹುಟ್ಟದಿದ್ದರೆ ಸಿಟ್ಟಿನಲ್ಲಿ ಹೊಲ ಉತ್ತುಬಿಡಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟು, ಅಧಿಕಾರಿಗಳಿಗೆ ಹೊಲ ತೋರಿಸಿ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ನ್ಯಾಯಕಟ್ಟೆಯಲ್ಲಿ ಪರಿಹಾರ ಕೇಳಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಕೊನೆಯದಾಗಿ ಒಂದು ಮಾತು. ಮೋಸ ಹೋದದ್ದನ್ನು ನಾಚಿಕೆಯೆಂದು ಮುಚ್ಚಿಡಬೇಡಿ. ಜಗಲಿಯ ಮೇಲೆ ಕೂತಾಗ ನಾಲ್ಕು ಜನರಿಗೆ ಹೇಳಿ. ನೀವು ಕಂಡ ಬಾವಿಯನ್ನು ಹೇಳದೆ ಹೋದರೆ, ನಾಳೆ ಅದಕ್ಕೆ ಬೀಳುವವರು ನಿಮ್ಮ ನೆರೆಯವರೇ.